ಆಜ್ಞೆಗಳ ನೇಯ್ಗೆ: ಎಸ್‌ಕ್ಯೂಎಲ್ ಬರವಣಿಗೆಯ ಓರಣವೂ ಉತ್ಪಾದನೆಯೂ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಗಳ ಓಣಿಗಳಲ್ಲಿ ನಡೆದುಹೋಗುವವರ ಕಿವಿಗೆ ಮೊದಲು ಬೀಳುವುದು ಮಗ್ಗದ ಸದ್ದು. ಜಕಾರ್ಡ್ ಜೋಡಿಸಿದ ಮಗ್ಗವೊಂದನ್ನು ಹತ್ತಿರದಿಂದ ನೋಡಿದರೆ, ಅದರ ನೆತ್ತಿಯ ಮೇಲೆ ರಂಧ್ರಗಳುಳ್ಳ ರಟ್ಟಿನ ಪಟ್ಟಿಗಳ ಸರವೊಂದು ಮೆಲ್ಲಮೆಲ್ಲನೆ ಸರಿಯುತ್ತಿರುವುದು ಕಾಣುತ್ತದೆ. ಸೀರೆಯ ದಡಿಯಲ್ಲಿ ಅರಳುವ ಹೂವೆಲ್ಲ ಆ ರಂಧ್ರಗಳಲ್ಲಿ ಅಡಗಿದೆ. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ಪಟ್ಟಿ. ರಂಧ್ರವಿದ್ದಲ್ಲಿ ಸೂಜಿ ತೂರಿ, ಅದರ ಕೊಕ್ಕೆಯು ಹಾಸಿನ ಎಳೆಯನ್ನು ಮೇಲಕ್ಕೆತ್ತುತ್ತದೆ; ರಂಧ್ರವಿಲ್ಲದಲ್ಲಿ ಸೂಜಿ ಹಿಂದಕ್ಕೆ ಸರಿದು ಎಳೆ ಕೆಳಗೇ ಉಳಿಯುತ್ತದೆ. ಸರವು ಒಂದು ಸುತ್ತು ತಿರುಗಿದರೆ ಒಂದು ಹೂವು ಮುಗಿದು ಇನ್ನೊಂದು ಆರಂಭವಾಗುತ್ತದೆ.

ಆ ರಂಧ್ರಗಳಲ್ಲಿ ಒಂದು ತಪ್ಪಾಗಿ ಬಿದ್ದಿದ್ದರೆ? ಆ ತಪ್ಪು ಒಂದು ಹೂವಿಗೆ ಮಾತ್ರ ತಗಲುವುದಿಲ್ಲ. ಪ್ರತಿಯೊಂದು ಹೂವಿನಲ್ಲಿಯೂ, ಅದೇ ಸ್ಥಳದಲ್ಲಿ, ಅದೇ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಯಂತ್ರಕ್ಕೆ ದಣಿವಿಲ್ಲ, ಹಾಗೆಯೇ ವಿವೇಚನೆಯೂ ಇಲ್ಲ. ಗಣಕಯಂತ್ರಕ್ಕೆ ಆಜ್ಞೆ ಬರೆಯುವವರಿಗೂ ಇದು ಮೊದಲ ಪಾಠ. ಆ ಆಜ್ಞೆಗಳನ್ನು ಓರಣವಾಗಿ ಬರೆಯುವುದು ಹೇಗೆ, ಒಂದು ಅಚ್ಚಿನಿಂದ ನೂರಾರು ಆಜ್ಞೆಗಳನ್ನು ಹೊರತೆಗೆಯುವುದು ಹೇಗೆ ಎಂಬುದನ್ನು ಈಗ ವಿಚಾರಿಸೋಣ.

ರಟ್ಟಿನ ಪಟ್ಟಿಯಿಂದ ಎಸ್‌ಕ್ಯೂಎಲ್‌ವರೆಗೆ

ಫ್ರಾನ್ಸ್ ದೇಶದ ಲಿಯೋನ್ ನಗರದ ಜೋಸೆಫ್ ಮಾರೀ ಜಕಾರ್ಡ್ 1804ರಲ್ಲಿ ತನ್ನ ಮಗ್ಗದ ಯಂತ್ರವನ್ನು ಸಿದ್ಧಗೊಳಿಸಿದನು. ಅಮೆರಿಕದ 1890ರ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ಎಂಬಾತನು ಜನರ ವಿವರಗಳನ್ನೇ ರಟ್ಟಿನ ರಂಧ್ರಗಳಾಗಿಸಿ, ಯಂತ್ರದಿಂದ ಎಣಿಸಿದನು. ಆತನ ಸಂಸ್ಥೆಯು ಬೇರೆ ಸಂಸ್ಥೆಗಳೊಡನೆ ಕೂಡಿ, 1924ರಲ್ಲಿ ಐಬಿಎಂ ಎಂಬ ಹೆಸರನ್ನು ತಳೆಯಿತು. ಅದೇ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸನು 1970ರಲ್ಲಿ, ಮಾಹಿತಿಯನ್ನೆಲ್ಲ ಅಡ್ಡಸಾಲು ಮತ್ತು ಕಂಬಸಾಲುಗಳ ಕೋಷ್ಟಕಗಳಲ್ಲಿ ಇಡಬೇಕೆಂಬ ಸಿದ್ಧಾಂತವನ್ನು ಪ್ರಕಟಿಸಿದನು. ಅಂತಹ ಕೋಷ್ಟಕಗಳನ್ನು ಪ್ರಶ್ನಿಸಲು ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಸೀಕ್ವೆಲ್ ಎಂಬ ಭಾಷೆಯನ್ನು ಮುಂದಿಟ್ಟರು. ಆ ಹೆಸರು ಬೇರೊಂದು ಸಂಸ್ಥೆಯ ವ್ಯಾಪಾರಮುದ್ರೆಯಾಗಿದ್ದುದರಿಂದ ಅದು ಎಸ್‌ಕ್ಯೂಎಲ್ ಎಂದು ಹ್ರಸ್ವವಾಯಿತು. 1986ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅಧಿಕೃತ ಮಾನಕವೂ ದೊರೆಯಿತು.

ಈ ಭಾಷೆ ದೂರದ ಸಂಗತಿಯೇನೂ ಅಲ್ಲ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ರೈತನು ತನ್ನ ಹೊಲದ ಉತಾರ ಕೇಳಿದಾಗ, ಇಂತಹ ಕೋಷ್ಟಕಗಳಿಂದ ಅವನ ಸಾಲನ್ನು ಮಾತ್ರ ಹೆಕ್ಕಿ ತೆಗೆಯಬೇಕು. ಬ್ಯಾಂಕಿನ ಖಾತೆ, ಪರೀಕ್ಷೆಯ ಅಂಕಪಟ್ಟಿ, ರೈಲಿನ ಮುಂಗಡ ಚೀಟಿ ಇವೆಲ್ಲವುಗಳಲ್ಲಿಯೂ ಇದೇ ಬಗೆಯ ಕೆಲಸ ನಡೆಯುತ್ತದೆ.

ಬರೆಯುವ ಹಲಗೆ

ಎಸ್‌ಕ್ಯೂಎಲ್ ಆಜ್ಞೆಯನ್ನು ಬರೆಯಲು ತಕ್ಕ ಸಾಧನವು ಟೆಕ್ಸ್ಟ್ ಎಡಿಟರ್. ಪತ್ರ ಬರೆಯುವ ತಂತ್ರಾಂಶಕ್ಕೂ ಇದಕ್ಕೂ ವ್ಯತ್ಯಾಸವುಂಟು. ಪತ್ರದ ತಂತ್ರಾಂಶವು ಅಂದಕ್ಕಾಗಿ ನೇರವಾದ ಉದ್ಧರಣ ಚಿಹ್ನೆಯನ್ನು ತಾನಾಗಿಯೇ ಬಾಗಿದ ಚಿಹ್ನೆಯಾಗಿ ಮಾರ್ಪಡಿಸಬಹುದು. ಎಸ್‌ಕ್ಯೂಎಲ್ ಒಪ್ಪುವುದು ನೇರ ಚಿಹ್ನೆಯನ್ನೇ. ಎಡಿಟರ್ ಆದರೋ ನಾವು ಒತ್ತಿದ ಅಕ್ಷರವನ್ನು ಒತ್ತಿದಂತೆಯೇ ಇಡುತ್ತದೆ.

ಮುಂದಿನ ಉದಾಹರಣೆಗಳಲ್ಲಿ ಎಸ್‌ಕ್ಯೂಎಲ್ ಪದಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವುಗಳನ್ನು ರೋಮನ್ ಲಿಪಿಯಲ್ಲಿ ಬರೆಯಬೇಕು. 'ಅಪ್‌ಡೇಟ್' ಎಂದರೆ ತಿದ್ದು, 'ಸೆಟ್' ಎಂದರೆ ಇಂತಹ ಬೆಲೆಯನ್ನಿಡು, 'ವೇರ್' ಎಂದರೆ ಇಂತಹ ಸಾಲುಗಳಲ್ಲಿ, 'ಅಂಡ್' ಎಂದರೆ ಮತ್ತು, 'ಆರ್' ಎಂದರೆ ಅಥವಾ.

ಓರಣವೇಕೆ?

ನೇಕಾರರ ಸಹಕಾರಿ ಸಂಘವೊಂದನ್ನು ಕಲ್ಪಿಸಿಕೊಳ್ಳಿರಿ. ಸದಸ್ಯರಿಗೆ ಸಲ್ಲಬೇಕಾದ ಮಜೂರಿಯ ಬಾಕಿಯು 'ನೇಕಾರರು' ಎಂಬ ಕೋಷ್ಟಕದಲ್ಲಿದೆ:

11, ರಬಕವಿ, 800
12, ರಬಕವಿ, 450
13, ಬನಹಟ್ಟಿ, 450
14, ಬನಹಟ್ಟಿ, 700
15, ತೇರದಾಳ, 900

ರಬಕವಿ ಮತ್ತು ಬನಹಟ್ಟಿಗಳಲ್ಲಿ 500 ರೂಪಾಯಿ ಮೀರಿದ ಬಾಕಿಯುಳ್ಳವರಿಗೆ, ಅಂದರೆ 11 ಮತ್ತು 14ನೆಯ ಸದಸ್ಯರಿಗೆ, ಹಣ ಸಂದಾಯವಾಯಿತು. ಅವರ ಬಾಕಿಯನ್ನು ಸೊನ್ನೆ ಮಾಡಬೇಕು. ಗುಮಾಸ್ತನು ಅವಸರದಲ್ಲಿ ಹೀಗೆ ಬರೆದನೆನ್ನಿ:

ಅಪ್‌ಡೇಟ್ ನೇಕಾರರು ಸೆಟ್ ಬಾಕಿ = 0 ವೇರ್ ಊರು = 'ರಬಕವಿ' ಆರ್ ಊರು = 'ಬನಹಟ್ಟಿ' ಅಂಡ್ ಬಾಕಿ > 500;

ಓದಲು ಸರಿಯಾಗಿಯೇ ಇದೆಯಲ್ಲವೆ? ಆದರೆ ಯಂತ್ರವು ಓದುವ ಕ್ರಮ ಬೇರೆ. 2 + 3 × 4 ಎಂಬಲ್ಲಿ ನಾವು ಗುಣಾಕಾರವನ್ನು ಮೊದಲು ಮಾಡಿ 14 ಎನ್ನುತ್ತೇವೆಯೇ ಹೊರತು 20 ಎನ್ನುವುದಿಲ್ಲ. ಅದರಂತೆ ಎಸ್‌ಕ್ಯೂಎಲ್‌ನಲ್ಲಿ 'ಅಂಡ್' ತನ್ನ ಎರಡು ಪಕ್ಕದ ಮಾತುಗಳನ್ನು ಮೊದಲು ಕಟ್ಟಿಕೊಳ್ಳುತ್ತದೆ. ಆದುದರಿಂದ ಮೇಲಿನ ಆಜ್ಞೆಯ ಅರ್ಥ: ರಬಕವಿಯವರೆಲ್ಲರೂ, ಅಥವಾ ಬನಹಟ್ಟಿಯವರಲ್ಲಿ 500 ಮೀರಿದವರು. ಪರಿಣಾಮವಾಗಿ 12ನೆಯ ಸದಸ್ಯನ 450 ರೂಪಾಯಿ ಕೈಗೆ ಬಾರದೆಯೇ ಲೆಕ್ಕದಿಂದ ಅಳಿಸಿಹೋಯಿತು. ಅಷ್ಟೇ ಬಾಕಿಯಿದ್ದ 13ನೆಯವನದು ಉಳಿಯಿತು. ಯಂತ್ರವು ಯಾವ ತಪ್ಪನ್ನೂ ತೋರಿಸುವುದಿಲ್ಲ. ಏಕೆಂದರೆ ವ್ಯಾಕರಣದಲ್ಲಿ ತಪ್ಪಿಲ್ಲ.

ಈಗ ಅದೇ ಆಜ್ಞೆಯನ್ನು ಸಾಲುಸಾಲಾಗಿ ಬಿಡಿಸಿ, ಬೇಕಾದ ಆವರಣವನ್ನು ಸೇರಿಸೋಣ:

ಅಪ್‌ಡೇಟ್ ನೇಕಾರರು
ಸೆಟ್ ಬಾಕಿ = 0
ವೇರ್ (ಊರು = 'ರಬಕವಿ'
   ಆರ್ ಊರು = 'ಬನಹಟ್ಟಿ')
   ಅಂಡ್ ಬಾಕಿ > 500;

ಎಸ್‌ಕ್ಯೂಎಲ್‌ಗೆ ಒಂದು ಖಾಲಿ ಸ್ಥಳವೂ ಒಂದೇ, ಹತ್ತೂ ಒಂದೇ, ಹೊಸ ಸಾಲೂ ಒಂದೇ. ಓರಣವು ಯಂತ್ರಕ್ಕಾಗಿ ಅಲ್ಲ, ನಮ್ಮ ಕಣ್ಣಿಗಾಗಿ. 'ಆರ್' ಮತ್ತು 'ಅಂಡ್' ಒಂದರ ಕೆಳಗೊಂದು ನಿಂತಾಗ, ಇಲ್ಲಿ ಆವರಣ ಬೇಕೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. 'ವೇರ್' ಎಂಬ ಸಾಲೇ ಬಿಟ್ಟುಹೋಗಿದ್ದರೆ ಅದೂ ಒಡನೆಯೇ ಕಾಣುತ್ತದೆ. ಅದಿಲ್ಲದ 'ಅಪ್‌ಡೇಟ್' ಐವರ ಬಾಕಿಯನ್ನೂ ಸೊನ್ನೆ ಮಾಡಿಬಿಡುತ್ತದೆ.

ಅನೇಕ ಎಡಿಟರುಗಳಲ್ಲಿ ಈ ಓರಣವನ್ನು ಒಂದು ಕೀಲಿ ಒತ್ತಿ ಮಾಡಿಸಬಹುದು. ಅದರ ಕ್ರಮ ಸರಳ. ತಂತ್ರಾಂಶವು ಮೊದಲು ಆಜ್ಞೆಯನ್ನು ಬಿಡಿ ಪದಗಳಾಗಿಯೂ ಚಿಹ್ನೆಗಳಾಗಿಯೂ ಒಡೆಯುತ್ತದೆ. ಉದ್ಧರಣ ಚಿಹ್ನೆಗಳ ನಡುವೆ ಇರುವುದನ್ನು ಮಾತ್ರ ಮುಟ್ಟುವುದಿಲ್ಲ. ಅದು ಊರಿನ ಹೆಸರೋ ಜನರ ಹೆಸರೋ ಆಗಿರುತ್ತದೆಯಷ್ಟೆ. ಬಳಿಕ ಮುಖ್ಯ ಪದ ಬಂದಾಗ ಹೊಸ ಸಾಲನ್ನು ಹಿಡಿಯುತ್ತದೆ, ಆವರಣ ತೆರೆದಾಗ ಒಳಕ್ಕೆ ಸರಿಯುತ್ತದೆ, ಮುಚ್ಚಿದಾಗ ಹೊರಕ್ಕೆ ಬರುತ್ತದೆ. ಆದರೆ ಬಿಟ್ಟುಹೋದ ಆವರಣವನ್ನು ಅದು ಸೇರಿಸಿಕೊಡುವುದಿಲ್ಲ. ಆ ಕೆಲಸ ಬರೆಯುವವರದೇ.

ಒಂದು ಅಚ್ಚು, ಮುನ್ನೂರು ಆಜ್ಞೆಗಳು

ಈಗ ಎರಡನೆಯ ವಿಷಯ. ಸಂಘದಲ್ಲಿ 300 ಸದಸ್ಯರಿದ್ದಾರೆ. ಅವರ ಪಟ್ಟಿಯು ಮೇಲೆ ತೋರಿಸಿದಂತೆ ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾಲುಗಳಲ್ಲಿದೆ. ಪ್ರತಿಯೊಬ್ಬರಿಗೂ 'ಸೇರಿಸು' ಎಂಬ ಆಜ್ಞೆ ಬೇಕು. ಮುನ್ನೂರು ಸಲ ಕೈಯಿಂದ ಬರೆಯಬೇಕೇ? ಬೇಕಿಲ್ಲ. ಹಾಸು ಒಂದೇ ಆಗಿದ್ದು ಹೊಕ್ಕು ಮಾತ್ರ ಬದಲಾಗುವಂತೆ, ಇಲ್ಲಿ ಆಜ್ಞೆಯ ಮೈ ಒಂದೇ. ಸಂಖ್ಯೆ, ಊರು, ಬಾಕಿ ಇಷ್ಟೇ ಬದಲಾಗುವುದು.

ಎಡಿಟರಿನ 'ಹುಡುಕು-ಬದಲಿಸು' ಸೌಲಭ್ಯದಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಬ ಸಂಕೇತಭಾಷೆಯುಂಟು. ಗಣಿತಜ್ಞ ಸ್ಟೀಫನ್ ಕ್ಲೀನಿಯು 1950ರ ದಶಕದಲ್ಲಿ ರೂಪಿಸಿದ ಇದನ್ನು, ಪಠ್ಯದಲ್ಲಿ ಹುಡುಕಲು ಗಣಕಯಂತ್ರದಲ್ಲಿ ಅಳವಡಿಸುವ ಉಪಾಯವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದನು. ನಮ್ಮ ಪಟ್ಟಿಗೆ ತಕ್ಕ ಸಂಕೇತ ಇದು:

^([^,]*), ([^,]*), ([^,]*)$

ಮೊದಲ ^ ಎಂದರೆ ಸಾಲಿನ ಆರಂಭ. $ ಎಂದರೆ ಸಾಲಿನ ಅಂತ್ಯ. [^,] ಎಂದರೆ ಅಲ್ಪವಿರಾಮವಲ್ಲದ ಯಾವುದಾದರೂ ಒಂದು ಅಕ್ಷರ. * ಎಂದರೆ ಅಂತಹವು ಎಷ್ಟಾದರೂ. ದುಂಡು ಆವರಣವು ಸಿಕ್ಕ ಭಾಗವನ್ನು ನೆನಪಿನಲ್ಲಿಡುತ್ತದೆ. ಬದಲಿಸುವ ಜಾಗದಲ್ಲಿ ಹೀಗೆ ಬರೆಯಬೇಕು:

ಇನ್ಸರ್ಟ್ ಇಂಟು ನೇಕಾರರು ವ್ಯಾಲ್ಯೂಸ್ ($1, '$2', $3);

ಇಲ್ಲಿ $1, $2, $3 ಎಂಬುವು ನೆನಪಿನಲ್ಲಿಟ್ಟ ಮೂರು ಭಾಗಗಳು. ಕೆಲವು ಎಡಿಟರುಗಳಲ್ಲಿ $ ಚಿಹ್ನೆಗೆ ಬದಲಾಗಿ \ ಚಿಹ್ನೆಯನ್ನು ಬಳಸುತ್ತಾರೆ. ಒಮ್ಮೆ ಒಪ್ಪಿಗೆಯಿತ್ತರೆ, ಕ್ಷಣಮಾತ್ರದಲ್ಲಿ ಮುನ್ನೂರು ಆಜ್ಞೆಗಳು ಸಿದ್ಧ.

ಅಚ್ಚಿನ ಅಪಾಯಗಳು

ಆದರೆ ಜಕಾರ್ಡಿನ ತಪ್ಪು ರಂಧ್ರವನ್ನು ಮರೆಯಬಾರದು. ಪಟ್ಟಿಯ ಒಂದು ಸಾಲಿನಲ್ಲಿ ಬಾಕಿಯನ್ನು 1,200 ಎಂದು ಅಲ್ಪವಿರಾಮ ಸಹಿತ ಬರೆದಿದ್ದರೆ, ಆ ಸಾಲಿನಲ್ಲಿ ಮೂರರ ಬದಲು ನಾಲ್ಕು ಭಾಗಗಳಾಗಿ, ಸಂಕೇತಕ್ಕೆ ಹೊಂದದೆ ಹಾಗೆಯೇ ಉಳಿಯುತ್ತದೆ. ಹೆಸರಿನ ಕಂಬಸಾಲಿನಲ್ಲಿ ಡಿ'ಸೋಜಾ ಎಂಬಂತಹ ಹೆಸರು ಬಂದರೆ, ನಡುವಿನ ಚಿಹ್ನೆಯನ್ನು ಯಂತ್ರವು ಹೆಸರಿನ ಮುಕ್ತಾಯವೆಂದು ತಿಳಿಯುತ್ತದೆ; ಅಲ್ಲಿ ಆ ಚಿಹ್ನೆಯನ್ನು ಎರಡು ಸಲ ಬರೆಯಬೇಕು. ಸೊನ್ನೆಯಿಂದ ಆರಂಭವಾಗುವ ಖಾತೆಯ ಸಂಖ್ಯೆಯನ್ನು ಉದ್ಧರಣ ಚಿಹ್ನೆಯಿಲ್ಲದೆ ಕೊಟ್ಟರೆ 0071 ಎಂಬುದು 71 ಆಗಿ, ಹಣವು ಸಲ್ಲಬೇಕಾದವರಿಗೆ ಸಲ್ಲದೆ ಹೋಗಬಹುದು.

ಇದಕ್ಕೆ ಮೂರು ಪರೀಕ್ಷೆಗಳಿವೆ. ಮೊದಲನೆಯದಾಗಿ, ಒಂದೆರಡು ಸಾಲುಗಳನ್ನು ಮಾತ್ರ ಮಾರ್ಪಡಿಸಿ ಕಣ್ಣಾರೆ ಓದಬೇಕು. ಎರಡನೆಯದಾಗಿ, ಎಣಿಕೆ: 300 ಸದಸ್ಯರಿಗೆ 300 ಆಜ್ಞೆಗಳಿರಬೇಕು, ಕೋಷ್ಟಕದ ಬಾಕಿಯ ಒಟ್ಟು ಮೊತ್ತವು ಖಾತೆಪುಸ್ತಕದ ಮೊತ್ತಕ್ಕೆ ಸರಿಹೊಂದಬೇಕು. ಮೂರನೆಯದಾಗಿ, ಆಜ್ಞೆಗಳನ್ನು 'ಬಿಗಿನ್' ಎಂದು ಆರಂಭಿಸಿ, ಫಲವನ್ನು ನೋಡಿ, ಸರಿಯಿದ್ದರೆ 'ಕಮಿಟ್' ಎಂದು ಸ್ಥಿರಗೊಳಿಸಬೇಕು. ಇಲ್ಲವಾದರೆ 'ರೋಲ್‌ಬ್ಯಾಕ್' ಎಂದರೆ ಸಾಕು, ಎಲ್ಲವೂ ಮೊದಲಿನಂತಾಗುತ್ತದೆ. ಈಚೆಗೆ ಎಡಿಟರಿನೊಳಗೆ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಬಂದು, ಕೇಳಿದೊಡನೆ ಆಜ್ಞೆಯನ್ನು ಬರೆದುಕೊಡುತ್ತಿವೆ. ಅವು ಬರೆದುದಕ್ಕೂ ಈ ಪರೀಕ್ಷೆಗಳು ತಪ್ಪಿದ್ದಲ್ಲ.

ಹೊಸ ವಿನ್ಯಾಸವನ್ನು ಮಗ್ಗಕ್ಕೇರಿಸಿದಾಗ ಮೊದಲ ಹೂವನ್ನು ಸರಿಯಾಗಿ ನೋಡಿಕೊಳ್ಳದೆ ಮುಂದೆ ನೇಯ್ದರೆ ನಷ್ಟವಾಗುವುದು ನೂಲು ಮತ್ತು ದುಡಿಮೆ. ಇಲ್ಲಿ ನಷ್ಟವಾಗುವುದು ಒಬ್ಬರ ಮಜೂರಿ, ಒಬ್ಬರ ಉತಾರ, ಒಬ್ಬರ ಅಂಕ. ಕೋಷ್ಟಕದ ಪ್ರತಿಯೊಂದು ಸಾಲಿನ ಹಿಂದೆಯೂ ಒಬ್ಬ ಮನುಷ್ಯನಿದ್ದಾನೆಂಬುದನ್ನು ಯಂತ್ರವು ಅರಿಯದು, ಬರೆಯುವವರು ಅರಿತಿರಬೇಕು.

ಅಭ್ಯಾಸ

ಮೇಲಿನ ಐದು ಸಾಲುಗಳಲ್ಲಿ, ಊರು = 'ತೇರದಾಳ' ಆರ್ ಊರು = 'ರಬಕವಿ' ಅಂಡ್ ಬಾಕಿ < 500 ಎಂಬ ನಿಬಂಧನೆಗೆ ಯಾರು ಯಾರು ಒಳಪಡುತ್ತಾರೆ? ಮೊದಲ ಎರಡು ಮಾತುಗಳನ್ನು ಆವರಣದಲ್ಲಿಟ್ಟರೆ ಯಾರು ಉಳಿಯುತ್ತಾರೆ?

ಉತ್ತರ: ಆವರಣವಿಲ್ಲದಿದ್ದರೆ 12 ಮತ್ತು 15, ಆವರಣವಿದ್ದರೆ 12 ಮಾತ್ರ.