ಎರೆ ಮಣ್ಣಿನ ಮೇಲೆ ಹೆದ್ದಾರಿ

ನಮ್ಮ ಯಾದಗಿರಿ, ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿಗೆ ಒಗ್ಗುವ ಎರೆ ಮಣ್ಣು ರಸ್ತೆಗೆ ಒಗ್ಗುವುದಿಲ್ಲ. ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಜೊತೆಗೆ ಮೇಲಿನ ಡಾಂಬರೂ ಬಿರಿಯುತ್ತದೆ. ಅದಕ್ಕೇ ಹೆದ್ದಾರಿಯ ತಳಪದರದಲ್ಲಿ ಉಬ್ಬುವ ಮಣ್ಣು ಬಳಸುವಂತಿಲ್ಲ. ಗರಸಿನಂಥ ಒಳ್ಳೆಯ ಮಣ್ಣು ಹಾಕಿ, ಪ್ರಯೋಗಾಲಯದ ಗರಿಷ್ಠ ಒಣ ಸಾಂದ್ರತೆಯ ಕನಿಷ್ಠ 97% ಬರುವವರೆಗೆ ರೋಲರ್ ಓಡಿಸಬೇಕು.

ಸಾಂದ್ರತೆ ಎಂದರೆ ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದ್ದು ಎಂದು ನಾವು ಭೌತಶಾಸ್ತ್ರದಲ್ಲಿ ಓದಿದ್ದೇವೆ. ಉದಾಹರಣೆಗೆ, ಗರಿಷ್ಠ ಸಾಂದ್ರತೆ ಘನ ಸೆಂ.ಮೀ.ಗೆ 2.00 ಗ್ರಾಂ ಇದ್ದು, ರಸ್ತೆಯಲ್ಲಿ 1.92 ಬಂದರೆ ಅದು 96%. ಆ ಪದರ ನಪಾಸು!

ಹಳೆಯ ವಿಧಾನದಲ್ಲಿ ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಂಡಿಗೆ ಮರಳು ತುಂಬಿ ಗಾತ್ರ ಕಂಡುಕೊಳ್ಳುತ್ತಾರೆ. ಆದರೆ ಇದು ಕೆಲವೇ ಜಾಗಗಳ ಲೆಕ್ಕ. ಹೊಸ ರೋಲರ್‌ನ ಉರುಳೆಯಲ್ಲಿ ವೇಗೋತ್ಕರ್ಷ ಅಳೆಯುವ ಸಂವೇದಕವೂ ಜಿಪಿಎಸ್ಸೂ ಇರುತ್ತವೆ. ನೆಲ ಗಟ್ಟಿಯಾದಂತೆ ಉರುಳೆಯ ಕಂಪನ ಬದಲಾಗುತ್ತದೆ. ಮೆತ್ತಗಿನ ಜಾಗ ಚಾಲಕನ ಪರದೆಯಲ್ಲಿ ಬೇರೆ ಬಣ್ಣದಲ್ಲಿ ಕಾಣುತ್ತದೆ. ಅದು ಅಳೆಯುವುದು ಬಿಗಿತವನ್ನು, ಸಾಂದ್ರತೆಯನ್ನಲ್ಲ; ತೇವಾಂಶದಿಂದಲೂ ಅಂಕಿ ಏರುಪೇರಾಗುತ್ತದೆ. ಆದ್ದರಿಂದ ಮೆತ್ತಗೆ ಕಂಡಲ್ಲೇ ಗುಂಡಿ ತೋಡಿ ಖಚಿತಪಡಿಸಿಕೊಳ್ಳಬೇಕು.

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು 2021ರಲ್ಲಿ ಕಾಮಗಾರಿಗಳ ಡ್ರೋನ್ ವಿಡಿಯೊವನ್ನು ಪ್ರತಿ ತಿಂಗಳು ತೆಗೆಯುವುದನ್ನು ಕಡ್ಡಾಯ ಮಾಡಿತು. ಆದರೆ ಮೇಲಿನಿಂದ ನೋಡುವ ಡ್ರೋನ್‌ಗೆ ಮುಚ್ಚಿಹೋದ ಪದರ ಕಾಣದು. ಹಾಗಾಗಿ ಮುಚ್ಚುವ ಮೊದಲೇ ಅಳೆಯಬೇಕು.

ಯಂತ್ರ ಕೊರತೆಯನ್ನು ತೋರಿಸಬಲ್ಲದು. "ಇನ್ನೊಮ್ಮೆ ರೋಲರ್ ಓಡಿಸಿ" ಎನ್ನಬೇಕಾದವರು ಮನುಷ್ಯರೇ. ಅಳತೆ, ತೂಕದಲ್ಲಿ ಕಡಿಮೆ ಮಾಡಬಾರದೆಂಬ ಕುರ್‌ಆನಿನ ಬೋಧನೆ ಅಂಗಡಿಯ ತಕ್ಕಡಿಗಷ್ಟೇ ಅಲ್ಲ, ರಸ್ತೆಗೂ ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ.