ಮಸಾಯಿ ಮಾರಾ: ಒಂದೇ ಕಡೆ ಉಳಿದು ನೋಡಿ

ಆಫ್ರಿಕಾದ ಸಫಾರಿಗೆ ಹೊರಟವರು ಮೊದಲು ಕೇಳುವುದು ಖರ್ಚು ಎಷ್ಟಾಗುತ್ತದೆ ಎಂದು. ಆಮೇಲೆ, ಎಷ್ಟು ಪಾರ್ಕ್ ನೋಡಬಹುದು ಎಂದು. ಈ ಎರಡನೆಯದನ್ನು ಸರಿಯಾಗಿ ತೀರ್ಮಾನಿಸಿಕೊಂಡರೆ ಖರ್ಚಿನ ಲೆಕ್ಕವೂ ಅರ್ಧ ಬಗೆಹರಿದಂತೆ. ಏಜೆನ್ಸಿಗಳು ಕಳಿಸುವ ಪಟ್ಟಿಯಲ್ಲಿ ಆರು ರಾತ್ರಿಗೆ ಅಂಬೋಸೆಲಿ, ನೈವಾಷಾ, ನಕುರು, ಮಸಾಯಿ ಮಾರಾ ಎಲ್ಲವೂ ಇರುತ್ತವೆ. ನಕ್ಷೆಯಲ್ಲಿ ಪಕ್ಕಪಕ್ಕ ಕಾಣುವ ಈ ಜಾಗಗಳಲ್ಲಿ ಕೆಲವುಗಳ ನಡುವೆ ಐದಾರು ಗಂಟೆಯ ದಾರಿಯಿದೆ. ಪ್ರಾಣಿಗಳು ಚುರುಕಾಗಿರುವ ಬೆಳಗಿನ ಹೊತ್ತೆಲ್ಲ ಲಾರಿಗಳ ಹಿಂದೆ ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇಷ್ಟು: ಕೀನ್ಯಾದ ಮಸಾಯಿ ಮಾರಾ ಒಂದನ್ನೇ ಹಿಡಿದುಕೊಳ್ಳಿ, ಅಲ್ಲಿ ಕನಿಷ್ಠ ನಾಲ್ಕು ರಾತ್ರಿ ಉಳಿಯಿರಿ. ಇನ್ನೂ ದಿನಗಳಿದ್ದರೆ ಒಂದೇ ಒಂದು ಜಾಗ ಸೇರಿಸಿ. ಕಿಲಿಮಂಜಾರೊ ಪರ್ವತದ ಹಿನ್ನೆಲೆಯಲ್ಲಿ ಆನೆ ಹಿಂಡು ನೋಡುವ ಆಸೆಯಿದ್ದರೆ ಅಂಬೋಸೆಲಿ, ಖಡ್ಗಮೃಗ ನೋಡಲೇಬೇಕೆಂದಿದ್ದರೆ ನಕುರು. ಮಾರಾದಲ್ಲೂ ಖಡ್ಗಮೃಗಗಳಿವೆ, ಆದರೆ ತೀರಾ ಕಡಿಮೆ.

ಕಬಿನಿ, ಬಂಡೀಪುರ ಓಡಾಡಿದವರಿಗೆ ಮಾರಾ ಮೊದಲ ದಿನ ತಬ್ಬಿಬ್ಬು ಮಾಡುತ್ತದೆ. ನಮ್ಮ ಕಾಡಿನಲ್ಲಿ ಹುಲಿ ಹತ್ತು ಅಡಿ ದೂರದ ಲಂಟಾನಾ ಪೊದೆಯಲ್ಲಿ ಮಲಗಿದ್ದರೂ ಕಾಣುವುದಿಲ್ಲ. ಇಲ್ಲಿ ಸುಮಾರು 1,510 ಚದರ ಕಿಲೋಮೀಟರ್ ಹುಲ್ಲುಗಾವಲು ಬಯಲಾಗಿ ಬಿದ್ದಿದೆ. ದಕ್ಷಿಣಕ್ಕೆ ಬೇಲಿಯೇ ಇಲ್ಲದೆ ಟಾಂಜಾನಿಯಾದ ಸೆರೆಂಗೆಟಿಗೆ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಜಿಂಕೆ, ಮುಸುವ ಕೂಗಿದರೆ ಕಿವಿಗೊಡುತ್ತೇವೆ. ಇಲ್ಲಿ ಕಣ್ಣಿಗೆ ಹೆಚ್ಚು ಕೆಲಸ. ನಾಲ್ಕೈದು ಜಿರಾಫೆಗಳು ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ನೋಡುತ್ತ ನಿಂತಿವೆಯೆಂದರೆ ಅಲ್ಲಿ ಸಿಂಹವಿದೆ ಎಂದೇ ಲೆಕ್ಕ. ಟೋಪಿ ಎಂಬ ಕಂದು ಬಣ್ಣದ ಹುಲ್ಲೆ ಹುತ್ತದ ಮೇಲೆ ಹತ್ತಿ ಕಾವಲು ನಿಲ್ಲುತ್ತದೆ. ಅದು ಕತ್ತು ತಿರುಗಿಸಿದ ಕಡೆ ದುರ್ಬೀನು ತಿರುಗಿಸಿ. ಇದು ಕಣ್ಣಿಗೆ ಹತ್ತಲು ಎರಡು ದಿನವಾದರೂ ಬೇಕು. ನಾಲ್ಕು ರಾತ್ರಿ ಎಂದು ಪಟ್ಟು ಹಿಡಿಯುವುದಕ್ಕೆ ಅದೇ ಕಾರಣ.

ಯಾವಾಗ ಹೋಗಬೇಕು

ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ ಮತ್ತು ಗಸೆಲ್‌ಗಳು ಮಳೆ ಮತ್ತು ಚಿಗುರು ಹುಲ್ಲಿನ ಬೆನ್ನು ಹಿಡಿದು ವರ್ಷವಿಡೀ ಸುತ್ತುತ್ತವೆ. ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ ಅವು ಸೆರೆಂಗೆಟಿಯ ದಕ್ಷಿಣದಲ್ಲಿ ಮರಿ ಹಾಕುತ್ತವೆ. ಮಾರಾಕ್ಕೆ ಬರುವುದು ಹೆಚ್ಚುಕಡಿಮೆ ಜುಲೈಯಿಂದ ಅಕ್ಟೋಬರ್‌ವರೆಗೆ. ಎಲ್ಲರೂ ನೋಡಬೇಕೆನ್ನುವ ಮಾರಾ ನದಿಯ ದಾಟುವಿಕೆ ನಡೆಯುವುದೂ ಆಗಲೇ. ವಾಹನಗಳ ಜಾತ್ರೆಯೂ ಆಗಲೇ.

ಸಂರಕ್ಷಿತ ಪ್ರದೇಶದ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. 2024ರಿಂದ ಈ ದರ ಜಾರಿಯಲ್ಲಿದೆ. ಟಿಕೆಟ್ಟು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ ನಡೆಯುತ್ತದೆ. ಗಂಡ ಹೆಂಡತಿ ಇಬ್ಬರು ಆಗಸ್ಟಿನಲ್ಲಿ ನಾಲ್ಕು ದಿನ ಒಳಗೆ ಹೋದರೆ ಶುಲ್ಕವೇ 1,600 ಡಾಲರ್. ಫೆಬ್ರುವರಿಯಲ್ಲಿ ಅದರ ಅರ್ಧ. ಬುಕಿಂಗ್ ಮಾಡುವ ಹೊತ್ತಿಗೆ ದರವನ್ನು ಇನ್ನೊಮ್ಮೆ ವಿಚಾರಿಸಿ. ಏಜೆನ್ಸಿಯವರು ಹೇಳಿದ ಮೊತ್ತದಲ್ಲಿ ಈ ಶುಲ್ಕ ಸೇರಿದೆಯೇ ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ.

ನದಿ ದಾಟುವುದನ್ನು ನೋಡಲೇಬೇಕೆಂಬ ಹಟ ಇಲ್ಲದಿದ್ದರೆ ಜನವರಿ, ಫೆಬ್ರುವರಿ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಸಿಂಹ, ಚೀತಾ, ಆನೆ, ಕತ್ತೆಕಿರುಬ ಎಲ್ಲವೂ ವರ್ಷವಿಡೀ ಇಲ್ಲೇ ಇರುತ್ತವೆ. ಮಾರ್ಚ್ ಕೊನೆಯಿಂದ ಮೇವರೆಗೆ ದೊಡ್ಡ ಮಳೆಗಾಲ. ಮಾರಾದ ಬಹುಪಾಲು ನೆಲ ನಮ್ಮ ಗದಗ, ಧಾರವಾಡದ ಕಡೆಯಂಥದೇ ಎರೆಮಣ್ಣು. ನೆನೆದರೆ ಲ್ಯಾಂಡ್ ಕ್ರೂಸರ್ ಕೂಡ ಹೂತುಕೊಳ್ಳುತ್ತದೆ.

ಹೋಗುವ ದಾರಿ, ಕೂರುವ ಗಾಡಿ

ಮುಂಬೈಯಿಂದ ನೈರೋಬಿಗೆ ನೇರ ವಿಮಾನವಿದೆ, ಆರು ಗಂಟೆಯ ಆಸುಪಾಸಿನ ಪ್ರಯಾಣ. ಬೆಂಗಳೂರಿನಿಂದ ಮುಂಬೈ ಅಥವಾ ಕೊಲ್ಲಿ ದೇಶಗಳ ಮೂಲಕ ಹೋಗಬಹುದು. ವೀಸಾ ಬದಲು ಈಗ ಇಟಿಎ ಎಂಬ ಅನುಮತಿಪತ್ರ ಸಾಕು. ಹೊರಡುವ ಎರಡು ವಾರ ಮೊದಲೇ ಕೀನ್ಯಾ ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಿ. ಅದರಂತೆಯೇ ಕಾಣುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ.

ನೈರೋಬಿಯಿಂದ ಸೆಕೆನಾನಿ ಗೇಟಿಗೆ ಸುಮಾರು 270 ಕಿಲೋಮೀಟರ್. ರಿಫ್ಟ್ ಕಣಿವೆಯ ಅಂಚಿನಲ್ಲಿ ಇಳಿದು, ನರೋಕ್ ಊರನ್ನು ದಾಟಿ ಸಾಗುವ ದಾರಿ. ಐದಾರು ಗಂಟೆ ಹಿಡಿಯುತ್ತದೆ. ವಿಲ್ಸನ್ ವಿಮಾನ ನಿಲ್ದಾಣದಿಂದ ಚಿಕ್ಕ ವಿಮಾನದಲ್ಲಿ ಮುಕ್ಕಾಲು ಗಂಟೆಯಲ್ಲಿ ಹೋಗಬಹುದು. ಆದರೆ ಒಬ್ಬರಿಗೆ 15 ಕಿಲೋ, ಅದೂ ಮೆತ್ತನೆಯ ಬ್ಯಾಗಿನಲ್ಲಿ ಮಾತ್ರ. ದೊಡ್ಡ ಸೂಟ್‌ಕೇಸನ್ನು ನೈರೋಬಿಯ ಹೋಟೆಲಿನಲ್ಲಿ ಬಿಟ್ಟುಹೋಗಬೇಕು. ಹೋಗುವಾಗ ರಸ್ತೆ, ಬರುವಾಗ ವಿಮಾನ ಎಂದು ಮಾಡಿಕೊಂಡರೆ ಕಣಿವೆಯನ್ನೂ ನೋಡಿದಂತಾಗುತ್ತದೆ, ಕೊನೆಯ ದಿನದ ಬೆಳಗಿನ ಸಫಾರಿಯೂ ಉಳಿಯುತ್ತದೆ.

ಇನ್ನು ಗಾಡಿ ಮತ್ತು ಚಾಲಕ. ಹಣ ಉಳಿಸಬೇಕಾದರೆ ಕೋಣೆಯಲ್ಲಿ ಉಳಿಸಿ, ಇವೆರಡರಲ್ಲಿ ಬೇಡ. ಹಗಲಿಡೀ ಹೊರಗಿರುವವರಿಗೆ ಈಜುಕೊಳದಿಂದ ಏನೂ ಆಗಬೇಕಾಗಿಲ್ಲ. ಚಾವಣಿ ಮೇಲೇಳುವ ಲ್ಯಾಂಡ್ ಕ್ರೂಸರ್ ಕೇಳಿ, ಪ್ರತಿಯೊಬ್ಬರಿಗೂ ಕಿಟಕಿ ಸೀಟು ಇರಲೇಬೇಕು ಎನ್ನಿ. ಬೇರೆ ಗುಂಪಿನೊಂದಿಗೆ ಹಂಚಿಕೊಂಡರೆ ಅಗ್ಗ. ಆದರೆ ನೀವು ಹಕ್ಕಿಯೊಂದರ ಮುಂದೆ ನಿಲ್ಲಬೇಕೆಂದಾಗ ಉಳಿದವರಿಗೆ ಸಿಂಹವೇ ಬೇಕಾಗಿರುತ್ತದೆ. ನಾಲ್ಕೈದು ಜನ ಸ್ನೇಹಿತರು ಕೂಡಿ ಒಂದು ಗಾಡಿ ಹಿಡಿಯುವುದು ಲೇಸು. ಕೀನ್ಯಾದ ವೃತ್ತಿಪರ ಸಫಾರಿ ಗೈಡುಗಳ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ದರ್ಜೆ ಕೊಡುತ್ತದೆ. ನಿಮ್ಮ ಗೈಡ್ ಯಾವ ದರ್ಜೆಯವರು ಎಂದು ಬುಕಿಂಗ್ ವೇಳೆಯಲ್ಲೇ ಕೇಳಿ.

ಕ್ಯಾಂಪ್ ಗೇಟಿನ ಒಳಗಿದೆಯೋ ಹೊರಗಿದೆಯೋ, ಮಾರಾ ನದಿಯ ಯಾವ ದಂಡೆಯಲ್ಲಿದೆ ಎಂಬುದೂ ಮುಖ್ಯ. ನದಿಯ ಪಶ್ಚಿಮದ ಭಾಗ ಮಾರಾ ಟ್ರಯಾಂಗಲ್. 2001ರಿಂದ ಮಾರಾ ಕನ್ಸರ್ವೆನ್ಸಿ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ರಸ್ತೆ ಚೆನ್ನಾಗಿದೆ, ಗಾಡಿಗಳ ಗದ್ದಲ ಕಡಿಮೆ. ಸಂರಕ್ಷಿತ ಪ್ರದೇಶದ ಹೊರಗೆ ಉತ್ತರಕ್ಕೆ, ಪೂರ್ವಕ್ಕೆ ಮಾರಾ ನಾರ್ತ್, ನಬೋಯ್ಶೊ, ಓಲಾರೆ ಮೊಟೊರೊಗಿ ಮೊದಲಾದ ಕನ್ಸರ್ವೆನ್ಸಿಗಳಿವೆ. ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಪಡೆಯುವ ವ್ಯವಸ್ಥೆ ಇದು. ದುಬಾರಿ ನಿಜ. ಆದರೆ ಇಲ್ಲಿ ಆಯಾ ಕ್ಯಾಂಪಿನ ಅತಿಥಿಗಳಿಗಷ್ಟೇ ಪ್ರವೇಶ, ಮುಖ್ಯ ಪ್ರದೇಶದಲ್ಲಿ ನಿಷಿದ್ಧವಾದ ರಾತ್ರಿ ಸಫಾರಿ ಮತ್ತು ಕಾಲ್ನಡಿಗೆ ಎರಡೂ ಉಂಟು. ಎರಡು ರಾತ್ರಿ ಇಲ್ಲಿ, ಎರಡು ರಾತ್ರಿ ಒಳಗೆ ಎಂದು ಹಂಚಿಕೊಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಬಯಲಿನಲ್ಲಿ

ಬೆಳಿಗ್ಗೆ ಆರಕ್ಕೆ ಗೇಟು ತೆರೆಯುವ ಹೊತ್ತಿಗೆ ನೀವು ಅಲ್ಲಿರಬೇಕು. ತಿಂಡಿ, ಊಟ ಎರಡನ್ನೂ ಕಟ್ಟಿಸಿಕೊಂಡು ಹೋಗಿ. ಮಾರಾ 1,500 ಮೀಟರಿಗಿಂತ ಎತ್ತರದಲ್ಲಿದೆ. ಸಮಭಾಜಕ ವೃತ್ತದ ಹತ್ತಿರವೇ ಆದರೂ ಮುಂಜಾನೆ ತೆರೆದ ಚಾವಣಿಯ ಗಾಳಿಗೆ ಹಲ್ಲು ಕಡಿಯುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿಗೆ ಬೇಕೇ ಬೇಕು. ಹತ್ತು ಗಂಟೆಗೆ ಅವೆಲ್ಲ ಕಳಚಿ ಅಂಗಿಯೊಂದರಲ್ಲಿ ಕೂತಿರುತ್ತೀರಿ.

ದಾಟುವಿಕೆ ನೋಡಬೇಕೆನ್ನುವವರು ಇಡೀ ಒಂದು ದಿನವನ್ನು ನದಿಗೆ ಬಿಟ್ಟುಕೊಡಬೇಕು. ಕಿಲೋಮೀಟರುಗಟ್ಟಲೆ ದೂರದಿಂದ ಸಾಲುಗಟ್ಟಿ ಬರುವ ವೈಲ್ಡ್‌ಬೀಸ್ಟ್‌ಗಳು ದಡದಲ್ಲಿ ಕೂಡುತ್ತ ಹೋಗುತ್ತವೆ. ಅವುಗಳ ಗೊಗ್ಗರು ದನಿ ನಿಲ್ಲುವುದೇ ಇಲ್ಲ. ಮುಂದಿನವು ಅಂಚಿಗೆ ಬಂದು ನೀರು ಮೂಸಿ ನಿಲ್ಲುತ್ತವೆ, ಹಿಂದಿನವು ಒತ್ತುತ್ತವೆ. ನಾನು ನೋಡುತ್ತಿದ್ದಾಗ ಒಂದು ಜೀಬ್ರಾ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡು ಗುಟುಕು ಕುಡಿದು, ಏನೋ ಕಂಡಂತೆ ಗಕ್ಕನೆ ತಿರುಗಿ ಓಡಿತು. ಅಷ್ಟಕ್ಕೇ ಸಾವಿರಾರು ಪ್ರಾಣಿಗಳು ಧೂಳೆಬ್ಬಿಸಿಕೊಂಡು ಹಿಂದಕ್ಕೆ ಹೋದವು. ಮತ್ತೆ ಬಂದವು, ಮತ್ತೆ ಹೋದವು. ಮಧ್ಯಾಹ್ನದ ಬುತ್ತಿ ಗಾಡಿಯಲ್ಲೇ ಮುಗಿಯಿತು. ಅರ್ಧದಷ್ಟು ಗಾಡಿಗಳು ಬೇಸತ್ತು ಹೊರಟುಹೋದ ಮೇಲೆ ಒಂದು ವೈಲ್ಡ್‌ಬೀಸ್ಟ್ ಕಡಿದಾದ ದಡದಿಂದ ಧುಮುಕಿತು. ಆಮೇಲೆ ಯಾವುದೂ ಯೋಚಿಸಲಿಲ್ಲ. ಕಂದು ನೀರಿನಲ್ಲಿ ತಲೆಗಳಷ್ಟೇ ಕಾಣುತ್ತಿದ್ದವು, ತಾಯಿಯ ಪಕ್ಕೆಗೆ ಒತ್ತಿಕೊಂಡು ಈಜುವ ಮರಿಗಳಿದ್ದವು. ಕೆಳಗಡೆಯ ಮರಳುದಿಣ್ಣೆಯಿಂದ ಒಂದು ಮೊಸಳೆ ಸದ್ದಿಲ್ಲದೆ ನೀರಿಗೆ ಜಾರಿತು. ಸತ್ತುಹೋದವುಗಳ ಮೇಲೆ ರಣಹದ್ದುಗಳೂ ಮರಬು ಕೊಕ್ಕರೆಗಳೂ ಕೂತಿದ್ದವು. ಆ ವಾಸನೆ ತಡೆಯಲು ಒಂದು ಕರ್ಚೀಫ್ ಕೈಯಲ್ಲಿರಲಿ.

ಮೊದಲ ಪ್ರಾಣಿಗಳು ನೀರಿಗೆ ಇಳಿಯುವ ತನಕ ಗಾಡಿ ದಡದಿಂದ ದೂರವೇ ನಿಲ್ಲಬೇಕು. ಮುಂದೆ ಹೋಗಿ ಅಡ್ಡ ನಿಂತರೆ ಇಡೀ ಹಿಂಡು ದಿಕ್ಕು ಬದಲಿಸಿಬಿಡುತ್ತದೆ. ಚಾಲಕ ಆತುರಪಟ್ಟರೆ ಬೇಡವೆನ್ನಿ. ಸಾಮಾನ್ಯವಾಗಿ ಆತುರಪಡಿಸುವವರು ಹಿಂದಿನ ಸೀಟಿನಲ್ಲಿ ಕೂತ ನಾವೇ. ಒಳ್ಳೆಯ ಫೋಟೋ ಸಿಕ್ಕರೆ ಭಕ್ಷೀಸು ಹೆಚ್ಚು ಎಂದು ಆಸೆ ತೋರಿಸುವುದು ಪ್ರಾಣಿಗಳ ಜೀವಕ್ಕೇ ಕುತ್ತು ತರುತ್ತದೆ. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ವಾಹನ ನಿಲ್ಲಬಾರದು, 25 ಮೀಟರ್ ಅಂತರ ಬಿಡಬೇಕು, ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷದಲ್ಲಿ ಜಾಗ ಬಿಡಬೇಕು ಎಂಬ ನಿಯಮಗಳಿವೆ.

ಈ ಮಾತು ಹೆಚ್ಚು ಅನ್ವಯಿಸುವುದು ಚೀತಾಕ್ಕೆ. ಹಗಲಿನಲ್ಲೇ ಬೇಟೆಯಾಡುವ ಪ್ರಾಣಿ ಅದು. ಸುತ್ತ ಗಾಡಿಗಳು ಮುತ್ತಿದರೆ ಬೇಟೆ ತಪ್ಪುತ್ತದೆ, ಮರಿಗಳು ಬಯಲಾಗುತ್ತವೆ. ಮಾರಾದ ಚೀತಾಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರವಾಸಿಗರು ಕಡಿಮೆಯಿರುವ ಕಡೆ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳು ದೊಡ್ಡವಾಗಿ ತಾಯಿಯಿಂದ ಬೇರೆಯಾಗುವ ಹಂತ ತಲುಪಿದರೆ, ಪ್ರವಾಸಿಗರು ಕಿಕ್ಕಿರಿಯುವ ಕಡೆ ಅದು 0.2ಕ್ಕೆ ಇಳಿಯುತ್ತದೆ. ಚೀತಾ ಕಂಡರೆ ದೂರದಲ್ಲೇ ಎಂಜಿನ್ ಆರಿಸಿ, ದುರ್ಬೀನಿನಲ್ಲಿ ನೋಡಿ. ಒಬ್ಬೊಬ್ಬರಿಗೂ ಒಂದೊಂದು ದುರ್ಬೀನು ಇರಲಿ. 8x42 ಅಳತೆಯದು ಸಾಕು. ದೊಡ್ಡ ಕ್ಯಾಮೆರಾ ಲೆನ್ಸಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆರೋಗ್ಯ, ಊಟ, ಚೀಲ

ಹಳದಿ ಜ್ವರದ ಲಸಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೀನ್ಯಾದಿಂದ ಮರಳುವವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇಡಬಹುದು. ಪ್ರಯಾಣಕ್ಕೆ ಹತ್ತು ದಿನ ಮೊದಲಾದರೂ ಲಸಿಕೆ ಆಗಿರಬೇಕು. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಅದು ಸಿಗುತ್ತದೆ, ಸರದಿ ಇರುತ್ತದೆ. ಹಾಗಾಗಿ ವಿಮಾನದ ಟಿಕೆಟ್ ಕಾದಿರಿಸಿದ ವಾರವೇ ವಿಚಾರಿಸಿ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಮಾರಾದಲ್ಲಿ ಮಲೇರಿಯಾ ಉಂಟು. ಮುನ್ನೆಚ್ಚರಿಕೆಯ ಮಾತ್ರೆಗಳನ್ನು ಹೋಗುವ ಮೊದಲೇ ಶುರುಮಾಡಿ ಬಂದ ಮೇಲೂ ಮುಂದುವರಿಸಬೇಕಾಗುತ್ತದೆ. ವಾಪಸಾದ ಮೇಲೆ ಜ್ವರ ಬಂದರೆ ಆಫ್ರಿಕಾಕ್ಕೆ ಹೋಗಿದ್ದಿರೆಂದು ವೈದ್ಯರಿಗೆ ಮೊದಲೇ ತಿಳಿಸಿ.

ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ತುಂಬಿಕೊಂಡು ಹೋಗುವ ಅಗತ್ಯ ನಿಜಕ್ಕೂ ಇಲ್ಲ. ಮೊಂಬಾಸಾದಿಂದ ರೈಲುದಾರಿ ಹಾಕಲು 1896ರಿಂದ 1901ರವರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಭಾರತದಿಂದ ಕರೆದೊಯ್ಯಲಾಗಿತ್ತು. ಅವರಲ್ಲಿ ಉಳಿದುಕೊಂಡವರು, ವ್ಯಾಪಾರಕ್ಕೆ ಬಂದ ಗುಜರಾತಿ ಕುಟುಂಬಗಳು ಕೀನ್ಯಾದ ಅಡುಗೆಯಲ್ಲೇ ಸೇರಿಹೋಗಿದ್ದಾರೆ. ಚಪಾತಿ, ಸಮೋಸ, ಹಾಲು ಹಾಕಿ ಕುದಿಸಿದ ಚಹಾ ಎಲ್ಲ ಕಡೆ ಸಿಗುತ್ತದೆ. ಕ್ಯಾಂಪಿಗೆ ಮೊದಲೇ ತಿಳಿಸಿದರೆ ಬೇಳೆ, ಪಲ್ಯ ಮಾಡಿಡುತ್ತಾರೆ.

ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಸೇನೆಯ ಸಮವಸ್ತ್ರದಂತೆ ಕಾಣುವ ಚುಕ್ಕೆ ಬಟ್ಟೆ ಮಾತ್ರ ಬೇಡ, ಕೀನ್ಯಾದಲ್ಲಿ ಅದರಿಂದ ತೊಂದರೆಯಾಗಬಹುದು. ಪ್ಲಾಸ್ಟಿಕ್ ಚೀಲಗಳು 2017ರಿಂದ ದೇಶದಲ್ಲೇ ನಿಷಿದ್ಧ, ಅಂಗಡಿಯ ಕವರುಗಳಲ್ಲಿ ಬಟ್ಟೆ ಸುತ್ತಿಟ್ಟುಕೊಳ್ಳಬೇಡಿ. ಪ್ಲಗ್ಗು ಬ್ರಿಟಿಷ್ ಮಾದರಿಯದು, ಮೂರು ಚಪ್ಪಟೆ ಕಾಲುಗಳಿರುತ್ತವೆ. ಡ್ರೋನ್ ಮನೆಯಲ್ಲೇ ಬಿಡಿ.

ಗೈಡಿಗೆ ಭಕ್ಷೀಸು ಕೊಡುವುದು ವಾಡಿಕೆ. ಪ್ರವಾಸಿಯೊಬ್ಬರಿಗೆ ದಿನಕ್ಕೆ ಹತ್ತು ಡಾಲರಿನ ಆಸುಪಾಸು, ಕೊನೆಯ ದಿನ ಒಟ್ಟಿಗೆ ಕೈಗೆ ಕೊಡಿ. ಮಸಾಯಿ ಹಳ್ಳಿಗೆ ಹೋಗುವುದಾದರೆ ಎಷ್ಟು ಕೊಡಬೇಕು, ಹಣ ಯಾರಿಗೆ ಸೇರುತ್ತದೆ ಎಂಬುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ, ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಹೆಂಗಸರು ಪೋಣಿಸಿದ ಮಣಿಸರಗಳನ್ನು ಅವರ ಕೈಯಿಂದಲೇ ಕೊಳ್ಳುವುದು ಒಳ್ಳೆಯದು. ಆನೆ ಬಾಲದ ಕೂದಲಿನ ಬಳೆ, ಕೊಂಬು, ಹಲ್ಲು, ಚರ್ಮ ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ, ತರುವುದು ಅಪರಾಧ. ಮರಳುವಾಗ ಹಳದಿ ಜ್ವರದ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನೊಳಗೇ ಇಟ್ಟುಕೊಳ್ಳಿ. ವಿಮಾನ ಇಳಿದ ಮೇಲೆ ವಲಸೆ ಕೌಂಟರಿಗೂ ಮುಂಚೆ ಆರೋಗ್ಯ ಸಿಬ್ಬಂದಿ ಕೇಳುವುದು ಅದನ್ನೇ.