ಕೊಳೆರೋಗವೂ ಸಭೆಯ ಕರ್ತವ್ಯವೂ

ಪಾಠಭಾಗ: ೧ ಕೊರಿಂಥ ೧೨:೧೨–೨೬

ದೇಹದ ಒಂದಂಗದ ನೋವು ಸರ್ವಾಂಗಕ್ಕೂ ತಗಲುವದೆಂದು ಪೌಲನು ಬೋಧಿಸಿದ್ದಾನೆ. ಅಡಿಕೆತೋಟದಲ್ಲಿಯೂ ನಾವು ಇದನ್ನೇ ಕಾಣುತ್ತೇವೆ. ಮಳೆಗಾಲದಲ್ಲಿ ಕೊಳೆರೋಗದ ಬೀಜಾಣುಗಳು ಮಳೆಹನಿಗಾಳಿಗಳ ಮೂಲಕ ಬೇಲಿಯನ್ನು ದಾಟುತ್ತವೆ. ಆದದರಿಂದ ಒಬ್ಬನು ಔಷಧ ಹೊಡೆದು ನೆರೆಯವನು ಸುಮ್ಮನಿದ್ದರೆ ಇಬ್ಬರಿಗೂ ನಷ್ಟವೇ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಪರೀಕ್ಷಿಸಿ ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ತೋಟಗಳಲ್ಲಿ ಬಳಕೆಗೆ ತಂದರು. ೧ ಕಿಲೋ ಮೈಲುತುತ್ತನ್ನೂ ೧ ಕಿಲೋ ಸುಣ್ಣವನ್ನೂ ಬೇರೆಬೇರೆಯಾಗಿ ೫೦ ಲೀಟರ್ ನೀರಿನಲ್ಲಿ ಕಲಸಿ, ಬಳಿಕ ಕೂಡಿಸಬೇಕು. ಅದ್ದಿದ ಚೂರಿಯು ಕೆಂಪಾದರೆ ಸುಣ್ಣ ಸಾಲದು. ಮುಂಗಾರಿಗೆ ಮುಂಚೆ ಒಮ್ಮೆ, ೪೦–೪೫ ದಿವಸಗಳ ಮೇಲೆ ಮತ್ತೊಮ್ಮೆ ಗೊನೆಗಳಿಗೆ ಹೊಡೆಯತಕ್ಕದ್ದು.

ಬಡವನು ಹೊಸ ಕ್ರಮಕ್ಕೆ ಹಿಂಜರಿಯುವದು ಮೌಢ್ಯದಿಂದಲ್ಲ. ಕೈಯ ಹಣ ಹೋಗಿ ಬೆಳೆಯೂ ಕೆಟ್ಟರೆ ಅವನ ಒಲೆ ಉರಿಯದು. ಅವನನ್ನು ಹಳಿಯುವದರಿಂದ ಫಲವಿಲ್ಲ. ಸಭೆಯವರು ಕೂಡಿ ಒಂದು ಪಂಪನ್ನು ಕೊಂಡು, ವಿಧವೆಯ ಹತ್ತು ಮರಗಳಿಂದಲೇ ಕೆಲಸವನ್ನಾರಂಭಿಸಲಿ. ಅನ್ಯಮತದ ನೆರೆಯವರನ್ನೂ ಕರೆಯೋಣ. ರೋಗವು ಜಾತಿಮತಗಳನ್ನು ನೋಡುವದಿಲ್ಲ, ಪ್ರೀತಿಯೂ ನೋಡಬಾರದು.

ಆಲೋಚಿಸತಕ್ಕವುಗಳು:
೧. ನಮ್ಮೂರಲ್ಲಿ ಔಷಧ ಕಾಣದ ತೋಟ ಯಾರದು?
೨. ಅಲ್ಲಿಗೆ ನಮ್ಮಲ್ಲಿ ಯಾರು ಹೋಗುವರು?